ಸಿನಿಮಾ ಚೆನ್ನಾಗಿತ್ತು, ಶೋ ಎಲ್ಲಿತ್ತು? ಈಚೆಗೆ ನೋಡಿದ ಕನ್ನಡ ಚಿತ್ರಗಳ ಬಗ್ಗೆ ಒಂದಿಷ್ಟು ಜಗಳ

ಬಾಲ್ಕನಿ ಗಿರಾಕಿ

"ಜನ ಥಿಯೇಟರ್‌ಗೆ ಬರುತ್ತಿಲ್ಲ" ಅಂತ ಇನ್ನೊಬ್ಬ ನಿರ್ಮಾಪಕರು ಮೈಕ್ ಮುಂದೆ ಅತ್ತರೆ ನಾನು ಟಿವಿ ಆರಿಸಿಬಿಡುತ್ತೇನೆ. ಬರುತ್ತಿದ್ದಾರೆ ಸ್ವಾಮಿ. ಬರುವ ಹೊತ್ತಿಗೆ ನಿಮ್ಮ ಸಿನಿಮಾ ಎತ್ತಂಗಡಿ ಆಗಿರುತ್ತೆ, ಅಷ್ಟೆ.

'ಸು ಫ್ರಮ್ ಸೋ' ನೆನಪಿಸಿಕೊಳ್ಳಿ. 2025ರ ಜುಲೈ 25. ಸ್ಟಾರ್ ಇಲ್ಲ, ಫೈಟ್ ಇಲ್ಲ, ಕಟೌಟ್ ಇಲ್ಲ. ಹಿಂದಿನ ಶುಕ್ರವಾರವಷ್ಟೇ 'ಎಕ್ಕ', 'ಜೂನಿಯರ್' ಬಂದು ಕೂತಿದ್ದವು, ಅದೇ ದಿನ 'ಮಹಾವತಾರ ನರಸಿಂಹ' ಬೇರೆ. ಮೊದಲ ದಿನದ ಗಳಿಕೆ ಒಂದು ಕೋಟಿಯನ್ನೂ ಮುಟ್ಟಲಿಲ್ಲ ಅಂತ ಪೇಪರಲ್ಲಿ ಬಂತು. ಆದರೆ ಬಿಡುಗಡೆಗೆ ಮೊದಲೇ ಒಂದಷ್ಟು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ಮಾಡಿದ್ದರು. ನೋಡಿದವರು ಮನೆಗೆ ಹೋಗಿ ಸುಮ್ಮನೆ ಮಲಗಲಿಲ್ಲ. ಶನಿವಾರ ಶೋ ಹೆಚ್ಚಾದವು, ಭಾನುವಾರ ಬೆಳಿಗ್ಗೆ ಬೇಗನೇ ಶೋ ಇಟ್ಟರು, ಅದೂ ತುಂಬಿತು. ಕೊನೆಗೆ ನೂರು ಕೋಟಿ ದಾಟಿತು.

ನನಗೆ ಹಿಡಿಸಿದ್ದು ಬರೀ ನಗು ಅಲ್ಲ. ಫ್ರೇಮಿನಲ್ಲಿ ಹತ್ತು ಜನ ನಿಂತಿದ್ದರೆ ಹತ್ತೂ ಜನಕ್ಕೆ ಕೆಲಸ ಇದೆ. ಮುಂದಿನವನು ಮಾತಾಡುವಾಗ ಹಿಂದೆ ನಿಂತವನು ಮುಖದಲ್ಲೇ ಅದಕ್ಕೆ ಉತ್ತರ ಕೊಡುತ್ತಾನೆ. ನಮ್ಮ ದೊಡ್ಡ ಸಿನಿಮಾಗಳಲ್ಲಿ ಹೀರೋ ಹಿಂದೆ ನಿಂತವರ ಕೆಲಸ ಏನು? ಬಾಯಿ ಬಿಟ್ಟುಕೊಂಡು ಹೀರೋನ ನೋಡುವುದು. ಶನೀಲ್ ಗೌತಮ್ ಮಾಡಿದ ರವಿಯಣ್ಣನ್ನೇ ತಗೊಳ್ಳಿ. ಮದುವೆಯಾಗದ, ಊರೆಲ್ಲ ಮಾತು ಕೇಳುವ, ಎಲ್ಲಕ್ಕೂ ಮುಂದೆ ನಿಲ್ಲುವ ಒಬ್ಬ ಅಣ್ಣ. ಇಂಥವನು ನಿಮ್ಮ ಬೀದಿಯಲ್ಲೂ ಇದ್ದಾನೆ. ಅದಕ್ಕೇ ಅವನು ಬಂದರೆ ಸೀಟಿ.

ಒಂದು ತಕರಾರೂ ಇದೆ. ಬಚ್ಚಲಮನೆಗೆ ಇಣುಕಲು ಹೋಗಿ ಸಿಕ್ಕಿಬಿದ್ದ ಅಶೋಕ ದೆವ್ವ ಮೈಮೇಲೆ ಬಂದವನ ಥರ ನಾಟಕ ಶುರು ಮಾಡುತ್ತಾನೆ. ಕತೆ ಹುಟ್ಟುವುದೇ ಅಲ್ಲಿ. ಆದರೆ ಸಿನಿಮಾ ಆ ಇಣುಕಿದ್ದನ್ನು ತುಂಬಾ ಸುಲಭವಾಗಿ ಕ್ಷಮಿಸಿಬಿಟ್ಟಿತು ಅನ್ನಿಸಿತು.

ಈಗ ಇನ್ನೊಂದು ಕಡೆ ನೋಡಿ. ಅದೇ ವರ್ಷ ಮಾರ್ಚ್ 7ಕ್ಕೆ 'ಮಿಥ್ಯ' ಬಂತು. ನನಗೆ ಬಿಡುವಾಗುವಷ್ಟರಲ್ಲಿ ಬೆಂಗಳೂರಲ್ಲಿ ಉಳಿದಿದ್ದು ಊರಾಚೆಯ ಒಂದು ಮಾಲ್‌ನಲ್ಲಿ ಬೆಳಗಿನ ಶೋ, ಅದೂ ಕೆಲಸದ ದಿನ. ಅರ್ಧ ದಿನ ರಜೆ ಹಾಕಿ ಹೋದೆ. ಒಳಗೆ ಬೆರಳೆಣಿಕೆಯಷ್ಟು ಜನ, ಒಬ್ಬೊಬ್ಬರು ಒಂದೊಂದು ಸಾಲಲ್ಲಿ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ ಮುಂಬೈಯಿಂದ ಉಡುಪಿಯ ಸಂಬಂಧಿಕರ ಮನೆಗೆ ಬರುತ್ತಾನೆ. ನಿರ್ದೇಶಕ ಸುಮಂತ್ ಭಟ್ ಆ ಹುಡುಗನನ್ನು ಮುಂದಿಟ್ಟುಕೊಂಡು ನಮ್ಮ ಕಣ್ಣೀರು ಕೀಳಲು ಹೋಗುವುದಿಲ್ಲ. ಆತೀಶ್ ಶೆಟ್ಟಿ ಅನ್ನುವ ಹುಡುಗ ಸುಮ್ಮನೆ ನಿಂತು ನೋಡುತ್ತಾನೆ, ನಮಗೆ ಗಂಟಲು ಕಟ್ಟುತ್ತೆ. ಅವನನ್ನು ಮನೆಗೆ ಕರೆದುಕೊಂಡು ಬರುವ ಪಾತ್ರದಲ್ಲಿ ಪ್ರಕಾಶ್ ತುಮಿನಾಡು ಇದ್ದಾರೆ. ಹೌದು, 'ಸು ಫ್ರಮ್ ಸೋ'ದಲ್ಲಿ ಹೊಟ್ಟೆ ಹುಣ್ಣಾಗಿಸಿದ ಅದೇ ಪ್ರಕಾಶ್. ಇಲ್ಲಿ ಮೆತ್ತಗೆ, ಗಲಾಟೆ ಇಲ್ಲದೆ. ಜುಲೈನಲ್ಲಿ ಲಕ್ಷಾಂತರ ಜನ ನೋಡಿ ನಕ್ಕ ಮುಖವನ್ನು ಮಾರ್ಚ್‌ನಲ್ಲಿ ನಾವು ಬೆರಳೆಣಿಕೆ ಮಂದಿ ನೋಡಿದ್ದೆವು.

ಎರಡಕ್ಕೂ ಒಂದೇ ಥರ ಜನ ಬರಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಒಂದು ನಗಿಸುವ ಸಿನಿಮಾ, ಇನ್ನೊಂದು ಅಲ್ಲ. ಆದರೆ ಬಾಯಿಮಾತು ಹರಡೋಕೆ ಎರಡು ವಾರ ಬೇಕು. ಎರಡು ವಾರ ಯಾವ ಸಣ್ಣ ಸಿನಿಮಾಕ್ಕೆ ಕೊಡುತ್ತಿದ್ದೀರಿ?

'ಕಾಂತಾರ ಅಧ್ಯಾಯ 1' ಬಗ್ಗೆಯೂ ಹೇಳಬೇಕು, ಬೈಯಬೇಡಿ. ಕಾಡು, ಬೆಂಕಿ, ಕೊನೆಯ ಅರ್ಧ ಗಂಟೆ, ಎಲ್ಲ ಸರಿ. ರುಕ್ಮಿಣಿ ವಸಂತ್ ಪಾತ್ರ ತಿರುಗುವ ರೀತಿ ಚೆನ್ನಾಗಿದೆ. ಆದರೆ ನನಗೆ ಮೊದಲ 'ಕಾಂತಾರ'ವೇ ದೊಡ್ಡ ಸಿನಿಮಾ. ಇದು ದೊಡ್ಡ ಗಾತ್ರದ ಸಿನಿಮಾ.

ನೀವೇನು ನೋಡಿದಿರಿ, ಏನು ತಪ್ಪಿಸಿಕೊಂಡಿರಿ, ಬರೆಯಿರಿ.

ಬಂದರು ಬದಿ

ಅಶೋಕನ ವಿಷಯದಲ್ಲಿ ನಿಮ್ಮ ಜೊತೆ ಜಗಳ ಉಂಟು ಮಾರಾಯ್ರೆ. ಅವನನ್ನು ಕ್ಷಮಿಸಿದ್ದು ಎಲ್ಲಿ? ಒಬ್ಬ ಹೆಂಗಸಿನ ಖಾಸಗಿತನಕ್ಕೆ ಕಣ್ಣು ಹಾಕಿದವನು ಕಡೆಗೆ ದೆವ್ವವಾಗಿ ಬಂದಳು ಅನ್ನುವ ಇನ್ನೊಬ್ಬ ಹೆಂಗಸಿನ ಹೆಸರು ಹೊತ್ತುಕೊಂಡು ಊರೆಲ್ಲ ತಿರುಗಬೇಕಾಗುತ್ತದೆ, ಅವಳ ಮಗಳ ಕಷ್ಟಕ್ಕೆ ನಿಲ್ಲಬೇಕಾಗುತ್ತದೆ. ಭಾಷಣ ಮಾಡದೆ ಹೇಳಿದ್ದಾರೆ, ಅದಕ್ಕೆ ನಿಮಗೆ ಕಾಣಲಿಲ್ಲ. ಎಲ್ಲರೂ ಸೆಕೆಂಡ್ ಹಾಫ್ ಸ್ವಲ್ಪ ಸೀರಿಯಸ್ ಆಯ್ತು ಅನ್ನುತ್ತಾರೆ. ನನಗೆ ಸಿನಿಮಾ ಅಲ್ಲಿಯೇ ಎದ್ದು ನಿಂತದ್ದು.

ಇನ್ನು ಹತ್ತು ಜನ ನಿಂತರೆ ಹತ್ತು ಜನಕ್ಕೂ ಕೆಲಸ ಅಂದಿರಲ್ಲ, ಅದು ಸಿನಿಮಾದವರು ಕಲಿಸಿದ್ದಲ್ಲ. ಇವರಲ್ಲಿ ಸುಮಾರು ಜನ ತುಳು ರಂಗಭೂಮಿಯಿಂದ ಬಂದವರು. ಜಾತ್ರೆ ಗದ್ದೆಯಲ್ಲಿ ರಾತ್ರಿ ಹತ್ತು ಗಂಟೆಗೆ ಸ್ಟೇಜ್ ಹತ್ತಿದರೆ ಎದುರಿಗೆ ಕೂತವರು ಚಳಿಗೆ ಎದ್ದು ಹೋಗದ ಹಾಗೆ ಹಿಡಿದಿಡಬೇಕು. ಮಾತು ಅರ್ಧ ಸೆಕೆಂಡ್ ತಡವಾದರೂ ಜನ ಕಡಲೆ ಅಂಗಡಿಗೆ ಹೋಗಿಬಿಡುತ್ತಾರೆ. ಆ ಟೈಮಿಂಗ್ ಅಲ್ಲಿಂದ ಬಂದದ್ದು. 2011ರಲ್ಲಿ ತುಳು ಸಿನಿಮಾ 'ಒರಿಯರ್ದೊರಿ ಅಸಲ್' ಬಂದಾಗ ಇಲ್ಲಿ ಥಿಯೇಟರ್ ತುಂಬಿದ್ದನ್ನು ನೋಡಿದವರಿಗೆ 'ಸು ಫ್ರಮ್ ಸೋ' ಓಡಿದ್ದು ದೊಡ್ಡ ಆಶ್ಚರ್ಯ ಅಲ್ಲ.

ಆದರೆ ಒಂದು ಭಯ. ಈಗ ಎಲ್ಲರಿಗೂ ಕರಾವಳಿಯೇ ಬೇಕು. ಒಂದು ಭೂತ, ಒಂದು ಕಂಬಳ, ಸ್ವಲ್ಪ ಯಕ್ಷಗಾನದ ಚೆಂಡೆ. 'ಕಾಂತಾರ' ಎರಡನೇದು ಬಂದಾಗ ಥಿಯೇಟರಿಗೇ ದೈವದ ವೇಷ ಹಾಕಿ ಬಂದವರಿದ್ದರು. ಹಾಗೆ ಮಾಡಬೇಡಿ ಅಂತ ಚಿತ್ರತಂಡವೇ ಮನವಿ ಮಾಡಬೇಕಾಯಿತು. ನಮ್ಮ ಮನೆಯ ಹಿರಿಯರು ಕೈ ಮುಗಿಯುವುದನ್ನು ನಾಲ್ಕು ಜನ ರೀಲ್ ಮಾಡುವುದು ನೋಡಲಿಕ್ಕೆ ಆಗುವುದಿಲ್ಲ.

ಫಸ್ಟ್ ಡೇ ಫಸ್ಟ್ ಶೋ

ಗುರು, ಸಣ್ಣ ಸಿನಿಮಾ ಪುರಾಣ ಸಾಕು. ಥಿಯೇಟರ್ ಲೈಟ್ ಬಿಲ್ ಕಟ್ಟೋದು ಯಾರು? 2024ರ ಮೊದಲರ್ಧ ಮರೆತುಬಿಟ್ರಾ? ದೊಡ್ಡ ಹೀರೋಗಳ ಸಿನಿಮಾ ಇಲ್ಲದೆ ಸಿಂಗಲ್ ಸ್ಕ್ರೀನ್‌ಗಳು ಬಣಗುಡುತ್ತಿದ್ದವು. ಕೆಲವರು ಬಾಗಿಲು ಹಾಕೋ ಮಾತಾಡಿದರು. ಆಗಸ್ಟ್ 9ಕ್ಕೆ 'ಭೀಮ' ಬಂತು, 15ಕ್ಕೆ 'ಕೃಷ್ಣಂ ಪ್ರಣಯ ಸಖಿ' ಬಂತು, ಆಮೇಲೇ ಜೀವ ಬಂದಿದ್ದು. ಮೊದಲನೇದಕ್ಕೆ ಹುಡುಗರು, ಎರಡನೇದಕ್ಕೆ ಮನೆಮಂದಿ. 'ದ್ವಾಪರ ದಾಟುತ' ಹಾಡಿಗೆ ಆಂಟಿಗಳು ಎದ್ದು ಫೋನ್ ಟಾರ್ಚ್ ಬೀಸೋದನ್ನು ನಾನು ನೋಡಿದ್ದೇನೆ. ಕತೆ ಹಳೇದೇ, ಇರಲಿ. ಜನಕ್ಕೆ ಖುಷಿ ಆಯ್ತಲ್ವಾ?

'ಮ್ಯಾಕ್ಸ್' ನೋಡಿ. ಒಂದೇ ರಾತ್ರಿ, ಒಂದು ಪೊಲೀಸ್ ಸ್ಟೇಷನ್, ಸುದೀಪ್ ಸರ್. ಅಷ್ಟರಲ್ಲೇ ಎರಡೂ ಚಿಲ್ಲರೆ ಗಂಟೆ ಸೀಟ್ ತುದಿಯಲ್ಲಿ ಕೂರಿಸಿದರು. ಅದರಲ್ಲಿ ಯಾವ ಬುದ್ಧಿಜೀವಿ ವಿಷಯನೂ ಇಲ್ಲ. ಬೆಳಿಗ್ಗೆ ಆರು ಗಂಟೆ ಶೋಗೆ ಹೋಗಿ ಹೂವು ಹಾರಿಸಿ ಗಂಟಲು ಹರ್ಕೊಂಡು ಬರೋದೂ ಸಿನಿಮಾನೇ. ನೀವು ಒಬ್ಬೊಬ್ಬರೇ ಒಂದೊಂದು ಸಾಲಲ್ಲಿ ಕೂತು ಗಂಟಲು ಕಟ್ಟಿಸಿಕೊಳ್ಳಿ, ಬೇಡ ಅಂದವರು ಯಾರು?

ಬಾಲ್ಕನಿ ಗಿರಾಕಿ

ಸ್ಟಾರ್ ಬೇಡ ಅಂದೆನಾ? 'ಮ್ಯಾಕ್ಸ್' ನನಗೂ ಇಷ್ಟ. ಉದ್ದೇಶವಿಲ್ಲದ ಒಂದು ಸೀನ್ ಇಲ್ಲ ಅದರಲ್ಲಿ. ನಾನು ಹೇಳಿದ್ದು ಶುಕ್ರವಾರಗಳ ಬಗ್ಗೆ.

ನೀವೇ 2024 ಎತ್ತಿದಿರಲ್ಲ, ಆ ಮಾರ್ಚ್ ನೋಡಿ. 8ಕ್ಕೆ ಶಿವರಾತ್ರಿ. ಅವತ್ತು 'ಕರಟಕ ದಮನಕ', 'ರಂಗನಾಯಕ', ಜೊತೆಗೆ 'ಬ್ಲಿಂಕ್'. ಮುಂದಿನ ಶುಕ್ರವಾರ 'ಫೋಟೋ', 'ಕೆರೆಬೇಟೆ', ಮೇಲೆ ಅಪ್ಪು ಹುಟ್ಟುಹಬ್ಬಕ್ಕೆ 'ಜಾಕಿ' ಮತ್ತೆ ಬಂತು. 22ರಿಂದ ಐಪಿಎಲ್. ಸುತ್ತ ಪರೀಕ್ಷೆ, ಆಮೇಲೆ ಲೋಕಸಭೆ ಚುನಾವಣೆ. ಒಂದು ಬಸ್ಸಿಗೆ ಇಡೀ ಜಾತ್ರೆ ಹತ್ತಿಸಿ, ಆಮೇಲೆ ಬಿದ್ದವರಿಗೆ ನಿಮಗೆ ನಿಲ್ಲೋಕೆ ಬರಲ್ಲ ಅಂದ ಹಾಗಾಯಿತು.

'ಬ್ಲಿಂಕ್' ಇದ್ದುದರಲ್ಲಿ ಹೇಗೋ ಬಚಾವಾಯಿತು. ಕಣ್ಣು ಮಿಟುಕಿಸದೆ ಇದ್ದಷ್ಟು ಹೊತ್ತು ಕಾಲದಲ್ಲಿ ಹಿಂದೆ ಮುಂದೆ ಹೋಗುವ ಹುಡುಗನ ಕತೆ. ಕಡಿಮೆ ದುಡ್ಡಲ್ಲಿ ಮಾಡಿದ್ದು ಕಾಣುತ್ತೆ, ಆದರೆ ತಲೆ ಉಪಯೋಗಿಸಿ ಮಾಡಿದ್ದೂ ಕಾಣುತ್ತೆ. ಅದರ ಬಗ್ಗೆ ಹೆಚ್ಚು ಮಾತು ಶುರುವಾಗಿದ್ದು ಓಟಿಟಿಗೆ ಬಂದ ಮೇಲೆ. "ಅಯ್ಯೋ ಇದು ಯಾವಾಗ ರಿಲೀಸ್ ಆಗಿತ್ತು?" ಅಂತ ನನ್ನ ಸ್ನೇಹಿತರೇ ಕೇಳಿದರು. ವರ್ಷಕ್ಕೆ ಇನ್ನೂರಕ್ಕೂ ಜಾಸ್ತಿ ಕನ್ನಡ ಸಿನಿಮಾ ಬರುತ್ತವೆ, 52 ಶುಕ್ರವಾರ. ಲೆಕ್ಕ ನೀವೇ ಹಾಕಿ.

ಎಡದಂಡೆ ಕಾಲುವೆ

'ಫೋಟೋ' ಹೆಸರು ಎತ್ತಿದ್ದಕ್ಕೆ ಭಾಳ ಸಂತೋಷ ಆತ್ರೀ. ಉತ್ಸವ್ ಗೋನವಾರ ಮಾಡಿದ್ದು, ನಮ್ಮ ರಾಯಚೂರು ಕಡೆ ಕತೆ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ಹುಡುಗನ ಆಸೆ. ಬೆಂಗಳೂರಿಗೆ ದುಡಿಯಾಕ ಹೋದ ಅಪ್ಪ. ಅಷ್ಟರಲ್ಲಿ ಲಾಕ್‌ಡೌನ್. ಊರಿಗೆ ನಡಕೊಂಡು ಹೊರಡುತ್ತಾರೆ. ಸುಡುವ ಡಾಂಬರು ರಸ್ತೆ, ಅಪ್ಪ, ಮಗ. ಹಿನ್ನೆಲೆ ಸಂಗೀತ ಹಾಕಿ ಅಳಿಸುವುದಿಲ್ಲ. ನಮ್ಮ ಓಣಿಯಲ್ಲೇ ಹಂಗ ನಡಕೊಂಡು ಬಂದವರು ಇದ್ದಾರೆ, ಅವರ ಕಾಲು ನಾನು ನೋಡೀನಿ.

ಆದರೆ ಕೇಳ್ರಿ, ಅವರ ಕತೆ ಅವರ ಊರಿನ ಟಾಕೀಸಿಗೆ ಬರಲಿಲ್ಲ. ನಾನು ನೋಡಿದ್ದು ಮುಂದೆ ಒಂದು ಸಂಘದವರು ಸಭಾಭವನದಾಗ ಪರದೆ ಕಟ್ಟಿ ತೋರಿಸಿದಾಗ. ಅದೇ ವರ್ಷ ಜೂನ್‌ನಾಗ 'ಶಿವಮ್ಮ' ಬಂತು. ಕೊಪ್ಪಳ ಜಿಲ್ಲೆ ಯರೇಹಂಚಿನಾಳದ ಹೆಣ್ಣುಮಗಳು, ಕಾಯಿಲೆ ಗಂಡ, ಮನೆಮನೆಗೆ ಪೌಡರ್ ಮಾರೋ ಕಂಪನಿ ನಂಬಿ ಇದ್ದ ದುಡ್ಡೆಲ್ಲ ಹಾಕುತ್ತಾಳೆ. 2022ರಾಗ ಬೂಸಾನ್ ಚಿತ್ರೋತ್ಸವದಾಗ ಪ್ರಶಸ್ತಿ ತಗೊಂಡು ಬಂದಿತ್ತು. ಬೂಸಾನ್‌ನವರು ನೋಡಿದರು, ಕೊಪ್ಪಳದವರು ನೋಡಲಿಲ್ಲ.

ಇನ್ನೊಂದು ಮಾತು. ನಮ್ಮ ಮಾತಿನ ಧಾಟಿ ಸಿನಿಮಾದಾಗ ಮೊದಲಿಂದ ಎದಕ್ಕೆ ಇತ್ತು? ನಗಿಸಾಕ. ಹೀರೋ ಮನೆ ಆಳು, ಬಸ್ಸಿನ ಕಂಡಕ್ಟರು. ಈ ಎರಡು ಸಿನಿಮಾದಾಗ ಅದೇ ಮಾತಿನಾಗ ಜನ ಸಿಟ್ಟಾಗುತ್ತಾರೆ, ಸಾಲ ಕೇಳುತ್ತಾರೆ, ಸುಳ್ಳು ಹೇಳುತ್ತಾರೆ. ಯಾರೂ ನಗುವುದಿಲ್ಲ.

ಎರಡು ಮಕ್ಕಳ ತಾಯಿ

ನೀವೆಲ್ಲ ಒಬ್ಬೊಬ್ಬರೇ ಹೋಗುವವರು ಅನ್ನಿಸುತ್ತೆ, ಟಿಕೆಟ್ ರೇಟ್ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನಾವು ನಾಲ್ಕು ಜನ, ಜೊತೆಗೆ ಅತ್ತೆ. ಭಾನುವಾರ ಮಾಲ್‌ನಲ್ಲಿ ಸಿನಿಮಾ ಅಂದರೆ ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ ತಿಂಗಳ ದಿನಸಿಯ ಒಂದು ಭಾಗ ಹೋಯಿತು. ಹೀಗಿರುವಾಗ ಗೊತ್ತಿಲ್ಲದ ಸಿನಿಮಾಕ್ಕೆ "ಹೋಗಿ ನೋಡೋಣ, ಚೆನ್ನಾಗಿರಬಹುದು" ಅಂತ ಹೋಗೋಕೆ ಧೈರ್ಯ ಬರುತ್ತಾ? ಗ್ಯಾರಂಟಿ ಇರೋದಕ್ಕೇ ಹೋಗುತ್ತೇವೆ. ನಿಮ್ಮ 'ಮಿಥ್ಯ' ಸೋತಿದ್ದು ಶೋ ಇಲ್ಲದೆ ಮಾತ್ರ ಅಲ್ಲ ಸರ್.

2025ರ ಬಜೆಟ್‌ನಲ್ಲಿ 200 ರೂಪಾಯಿ ಮಿತಿ ಅಂದರು. ಸೆಪ್ಟೆಂಬರ್ 12ಕ್ಕೆ ಆದೇಶ ಬಂತು, ತೆರಿಗೆ ಬಿಟ್ಟು 200. 75 ಸೀಟಿನೊಳಗಿನ ಪ್ರೀಮಿಯಂ ಪರದೆಗಳಿಗೆ ಮಾತ್ರ ವಿನಾಯಿತಿ. ನಾನು ಮನೆಯಲ್ಲಿ ಡಂಗುರ ಹೊಡೆದೆ. 23ಕ್ಕೆ ಹೈಕೋರ್ಟ್ ಮಧ್ಯಂತರ ತಡೆ. 'ಕಾಂತಾರ' ಬಂದಿದ್ದು ಅಕ್ಟೋಬರ್ 2ಕ್ಕೆ. ಮಕ್ಕಳು ಹಟ ಹಿಡಿದಿದ್ದರು, ತೆತ್ತೆವು. 2017ರಲ್ಲೂ ಇದೇ 200 ರೂಪಾಯಿ ಕತೆ ನಡೆದಿತ್ತು, ಆಗಲೂ ಕೋರ್ಟ್‌ನಲ್ಲೇ ನಿಂತಿತ್ತು.

ಮತ್ತೆ ಜಾಹೀರಾತು! ಟಿಕೆಟ್ ಮೇಲೆ ಹಾಕಿದ ಟೈಮಿಗೆ ಸಿನಿಮಾ ಶುರು ಮಾಡಲಿಲ್ಲ, 25 ನಿಮಿಷ ಜಾಹೀರಾತು ತೋರಿಸಿದರು ಅಂತ ಬೆಂಗಳೂರಲ್ಲಿ ಒಬ್ಬರು ಗ್ರಾಹಕರ ವೇದಿಕೆಗೆ ಹೋಗಿ ಗೆದ್ದರಲ್ಲ, 2025ರ ಫೆಬ್ರವರಿಯಲ್ಲಿ. ಅದಕ್ಕೂ ಆಮೇಲೆ ಹೈಕೋರ್ಟ್‌ನಲ್ಲಿ ತಡೆ ಸಿಕ್ಕಿತು. ನಮ್ಮ ಚಿಕ್ಕ ಮಗ ಸಿನಿಮಾ ಶುರುವಾಗುವಷ್ಟರಲ್ಲಿ ಪಾಪ್‌ಕಾರ್ನ್ ಮುಗಿಸಿ "ಮನೆಗೆ ಹೋಗೋಣ" ಅನ್ನುತ್ತಾನೆ.

ಅಂದ ಹಾಗೆ 'ಸು ಫ್ರಮ್ ಸೋ'ಗೆ ನಮ್ಮ ಅತ್ತೆ ನಕ್ಕಷ್ಟು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ. ಆ ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ.

ಫಸ್ಟ್ ಡೇ ಫಸ್ಟ್ ಶೋ

ಮೇಡಂ, ಸಿಂಗಲ್ ಸ್ಕ್ರೀನ್‌ಗೆ ಬನ್ನಿ. ಬಾಲ್ಕನಿ ಟಿಕೆಟ್ಟೇ ಮಾಲ್‌ಗಿಂತ ಅಗ್ಗ. ಮಂಡಕ್ಕಿ ಮನೆಯಿಂದ ತನ್ನಿ, ಯಾರೂ ಬ್ಯಾಗ್ ನೋಡಲ್ಲ.

ಎರಡು ಮಕ್ಕಳ ತಾಯಿ

ಬರುತ್ತೇನಪ್ಪ. ಹೆಂಗಸರ ಟಾಯ್ಲೆಟ್ ಹೇಗಿದೆ ಅಂತ ನೋಡಿಕೊಂಡು ಬಂದು ಹೇಳಿ, ಆಮೇಲೆ ಬರುತ್ತೇನೆ.

ಗೇಟ್ ಕೀಪರ್

ಈ ಟಾಯ್ಲೆಟ್ ಮಾತಿಗೆ ತಲೆ ತಗ್ಗಿಸಿದೆ, ಮೇಡಂ ಹೇಳಿದ್ದು ನಿಜ. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಸಿಂಗಲ್ ಸ್ಕ್ರೀನ್ ನೋಡಿಕೊಳ್ಳುವವನು. ಹೆಸರು ಬೇಡ. ಶೋ ಯಾಕೆ ಎತ್ತುತ್ತೀರಿ ಅಂತ ಎಲ್ಲರೂ ಕೇಳುತ್ತೀರಲ್ಲ, ಹೇಳುತ್ತೇನೆ ಕೇಳಿ.

ಮಾಲ್‌ನಲ್ಲಿ ಶೇಕಡಾವಾರು ಲೆಕ್ಕ. ಮೊದಲ ವಾರ ನಿರ್ಮಾಪಕರ ಪಾಲು ಹೆಚ್ಚು, ವಾರ ಕಳೆದ ಹಾಗೆ ಇಳಿಯುತ್ತೆ. ಅಂದರೆ ನಿಮ್ಮ ಬಾಯಿಮಾತು ಕೇಳಿ ಎರಡನೇ, ಮೂರನೇ ವಾರ ಜನ ಬಂದರೂ ಸಿನಿಮಾ ಮಾಡಿದವರ ಕೈಗೆ ಸೇರುವುದು ಕಡಿಮೆ. ನಮ್ಮಂಥ ಕಡೆ ಸಾಮಾನ್ಯವಾಗಿ ಬಾಡಿಗೆ. ಹೊಸಬರ ಸಿನಿಮಾ ಆದರೆ ನಿರ್ಮಾಪಕರೇ ವಾರದ ಬಾಡಿಗೆ ಕಟ್ಟಬೇಕು. ಅದರ ಮೇಲೆ ಯುಎಫ್‌ಒ, ಕ್ಯೂಬ್ ಅಂತ ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ, ಅದನ್ನೂ ಅವರೇ ಕಟ್ಟಬೇಕು. ಈ ಶುಲ್ಕದ ಜಗಳಕ್ಕೇ 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಸಿನಿಮಾ ಕೊಡುವುದನ್ನೇ ನಿಲ್ಲಿಸಿದ್ದರು. ಪೋಸ್ಟರ್ ಖರ್ಚು ಬೇರೆ. ಹೊಸ ಹುಡುಗ ಮನೆ ಅಡ ಇಟ್ಟು ಸಿನಿಮಾ ಮಾಡಿ ಬಂದಿರುತ್ತಾನೆ, ಬಿಡುಗಡೆಗೇ ಇನ್ನೊಂದು ಸಾಲ. ಎರಡನೇ ವಾರದ ಬಾಡಿಗೆ ಎಲ್ಲಿಂದ ತರುತ್ತಾನೆ? ನಾನು ಎತ್ತುವ ಮೊದಲೇ ಅವನೇ ಫೋನ್ ಮಾಡಿ "ಸರ್, ಗುರುವಾರಕ್ಕೆ ಮುಗಿಸಿಬಿಡಿ" ಅನ್ನುತ್ತಾನೆ.

ನಮ್ಮ ಕಡೆ ನೋಡಿ. ಬೆಳಗಿನ ಶೋಗೆ ಹತ್ತು ಜನ ಬಂದರೆ ಕರೆಂಟ್ ಖರ್ಚೂ ಹುಟ್ಟಲ್ಲ. ಐದಾರು ಜನ ಬಂದರೆ ದುಡ್ಡು ವಾಪಸ್ ಕೊಟ್ಟು ಶೋ ರದ್ದು ಮಾಡುತ್ತೇವೆ. ರದ್ದಾದ ಶೋಗೆ ಬಂದವರು ಮತ್ತೆ ಆ ಸಿನಿಮಾಕ್ಕೆ ಬರಲ್ಲ, ಅದೂ ಗೊತ್ತು. ಬಿಕೆಟಿ, ಅಂದರೆ ಬೆಂಗಳೂರು, ಕೋಲಾರ, ತುಮಕೂರು ಕಡೆ ಒಂದು ದೊಡ್ಡ ತೆಲುಗು ಸಿನಿಮಾ ಬಂತು ಅಂದರೆ ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್ ಕೊಟ್ಟು ಥಿಯೇಟರ್ ಹಿಡಿದುಬಿಡುತ್ತಾರೆ. ಆ ದುಡ್ಡಲ್ಲಿ ಮೂರು ತಿಂಗಳು ಸಂಬಳ ಕೊಡಬಹುದು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಬೆಂಗಳೂರಲ್ಲಿ ಕಪಾಲಿ 2017ರಲ್ಲಿ ಹೋಯಿತು. ಸ್ಯಾಂಕಿ ರಸ್ತೆಯ ಕಾವೇರಿ 1974ರಲ್ಲಿ ಶುರುವಾಗಿದ್ದು, ಸರಿಯಾಗಿ ಐವತ್ತು ವರ್ಷಕ್ಕೆ 2024ರಲ್ಲಿ ಮುಚ್ಚಿತು. ಅವರಿಗೆ ಸಿನಿಮಾ ಮೇಲೆ ಪ್ರೀತಿ ಇರಲಿಲ್ಲವಾ? ಜಾಗದ ಬೆಲೆ ಮುಂದೆ ಟಿಕೆಟ್ ಲೆಕ್ಕ ಏನೂ ಅಲ್ಲ.

ಸ್ವಲ್ಪ ಒಳ್ಳೆಯ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ನಮ್ಮ ಕೆಳಗಿನ ಕ್ಲಾಸಿಗೆ ಅದು ಉಪಯೋಗ. ನೂರರ ಮೇಲೆ 18 ಹಾಗೇ ಇದೆ.

ತೀರ್ಥಳ್ಳಿ ಮಳೆ

ಗೇಟ್ ಕೀಪರ್ ಅಣ್ಣ ಬರೆದಿದ್ದು ಓದಿ ಬೇಜಾರಾಯ್ತು. ಆದರೂ ನಮ್ಮ ಕಡೆಯದೊಂದು ಸೇರಿಸುತ್ತೇನೆ. 'ಶಾಖಾಹಾರಿ' ಯಾರೂ ಹೇಳಲೇ ಇಲ್ಲ. 2024ರ ಫೆಬ್ರವರಿ. ಮಲೆನಾಡಿನ ಒಂದು ಪುಟ್ಟ ಸಸ್ಯಾಹಾರಿ ಹೋಟೆಲ್, ಅದರ ಯಜಮಾನ ಸುಬ್ಬಣ್ಣ. ಪೊಲೀಸರು ಹುಡುಕುತ್ತಿರುವ ಗಾಯಗೊಂಡ ಹುಡುಗ ಒಬ್ಬ ಅಲ್ಲಿ ಬಂದು ಅಡಗಿಕೊಳ್ಳುತ್ತಾನೆ. ಮುಂದೆ ಏನಾಗುತ್ತೆ ಅಂತ ಹೇಳಲ್ಲ. ಒಲೆ, ಮಸಿ, ಹೊಗೆ ಹಿಡಿದ ಗೋಡೆ, ಹೊರಗೆ ಮಳೆ. ಅಡುಗೆಮನೆಯ ಪಾತ್ರೆ ಸದ್ದಿಗೇ ಭಯ ಬೀಳುವ ಹಾಗೆ ಮಾಡಿದ್ದಾರೆ.

ರಂಗಾಯಣ ರಘು ಅವರಿಂದ ನಮ್ಮವರು ಇಷ್ಟು ವರ್ಷ ಏನು ಮಾಡಿಸಿದರು ಹೇಳಿ? ಕಣ್ಣು ಅಗಲಿಸಿ ಕಿರುಚುವುದು. ಸುಬ್ಬಣ್ಣನಾಗಿ ಅವರು ಟೇಬಲ್ ಒರೆಸುವುದನ್ನು ನೋಡಿದರೆ ಸಾಕು, ಇವನಿಗೆ ಒಬ್ಬಂಟಿತನ ಎಷ್ಟು ವರ್ಷದ್ದು ಅಂತ ಗೊತ್ತಾಗುತ್ತೆ. ಎದುರಿಗೆ ಇನ್‌ಸ್ಪೆಕ್ಟರ್ ಆಗಿ ಗೋಪಾಲಕೃಷ್ಣ ದೇಶಪಾಂಡೆ. ಇಬ್ಬರು ಒಂದೇ ಸೀನಲ್ಲಿ ಕೂತರೆ ಯಾವ ಫೈಟೂ ಬೇಡ. ಆಮೇಲೆ 2025ರ ಏಪ್ರಿಲ್‌ನಲ್ಲಿ 'ಅಜ್ಞಾತವಾಸಿ'. ಊರಿಗೆ ಮೊದಲ ಕಂಪ್ಯೂಟರ್ ಬರುವ ಕಾಲ, ವರ್ಷಗಟ್ಟಲೆ ಒಂದು ಅಪರಾಧವೂ ನಡೆಯದ ಮಲೆನಾಡಿನ ಸ್ಟೇಷನ್, ಅಲ್ಲಿ ರಘು ಇನ್‌ಸ್ಪೆಕ್ಟರ್. ಅದರ ಓಟ ಸ್ವಲ್ಪ ನಿಧಾನ, ಒಪ್ಪುತ್ತೇನೆ, ಮಧ್ಯದಲ್ಲಿ ನಮ್ಮ ಯಜಮಾನರು ಒಂದು ನಿದ್ದೆ ತೆಗೆದರು. ಆದರೆ ಕೊನೆ ಗಟ್ಟಿ ಇದೆ.

ಎರಡೂ ಬಂದದ್ದು ಹೋದದ್ದು ನಮ್ಮೂರಲ್ಲಿ ಗೊತ್ತೇ ಆಗಲಿಲ್ಲ. ಈಗ ಫೋನಲ್ಲಿ ನೋಡಿ ಎಲ್ಲರೂ "ಎಂಥ ಸಿನಿಮಾ ಮಾರಾಯ್ತಿ" ಅಂತಾರೆ. ಆ ಮಳೆ ಫೋನಲ್ಲಿ ನೋಡುವಂಥದ್ದಲ್ಲ.

ಇಂಟರ್ವಲ್ ಬೋಂಡ

ಎಲ್ಲರೂ ಓಟಿಟಿ ಓಟಿಟಿ ಅಂತೀರಿ, ಅಲ್ಲೂ ಬಾಗಿಲು ಅಷ್ಟೇನೂ ತೆರೆದಿಲ್ಲ. ರಕ್ಷಿತ್ ಶೆಟ್ಟಿ ಅಂಥವರೇ 'ಏಕಂ' ವೆಬ್ ಸರಣಿ ಮಾಡಿ, ಕೊಳ್ಳುವವರು ಸಿಗದೆ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್‌ನಲ್ಲಿ ಬಿಟ್ಟರು. ಹೆಸರಿದ್ದವರ ಪಾಡೇ ಹಿಂಗಾದರೆ ಹೊಸಬರು?

ಅಧ್ಯಾಯ ಒಂದು ನನಗಿಷ್ಟ

ಬಾಲ್ಕನಿಯವರೇ, 'ಕಾಂತಾರ' ಬಗ್ಗೆ ಒಂದು ಸಾಲಲ್ಲಿ ತೀರ್ಪು ಕೊಟ್ಟು ಓಡಿಹೋದಿರಿ. ದೊಡ್ಡ ಗಾತ್ರ ಅಂದರೆ ಬೈಗುಳವಾ? ಕನ್ನಡದಲ್ಲಿ ಇಷ್ಟು ದೊಡ್ಡದಾಗಿ ಒಂದು ಕಾಡು, ಒಂದು ಅರಮನೆ, ಒಂದು ರಥದ ಓಟ ತೋರಿಸಿದವರು ಯಾರು? ಗುಲ್ಶನ್ ದೇವಯ್ಯ ನಮ್ಮ ಬೆಂಗಳೂರಿನ ಹುಡುಗ, ಇಷ್ಟು ವರ್ಷ ಹಿಂದಿಯಲ್ಲಿದ್ದರು, ಇಲ್ಲಿ ಬಂದು ಎಷ್ಟು ಚೆನ್ನಾಗಿ ಕುಡುಕ ಯುವರಾಜನಾದರು. ಜಯರಾಂ ಇದ್ದಾರೆ. ಅಜನೀಶ್ ಲೋಕನಾಥ್ ಸಂಗೀತ ಇದೆ. ನಾನು ಮೂರನೇ ಸಲ ಹೋದಾಗಲೂ ಗುಳಿಗ ದೈವ ಬಂದಾಗ ಮೈ ನಡುಗಿತು.

ಬಾಲ್ಕನಿ ಗಿರಾಕಿ

ಓಡಿಹೋಗಿಲ್ಲ, ಬಂದೆ. ಮೊದಲ 'ಕಾಂತಾರ'ದಲ್ಲಿ ಶಿವನಿಗೂ ಫಾರೆಸ್ಟ್ ಆಫೀಸರ್ ಮುರಳಿಗೂ ಜಗಳ. ಇಬ್ಬರಿಗೂ ಅವರವರ ನ್ಯಾಯ ಇದೆ. ಯಾರ ಪಕ್ಷ ಹಿಡಿಯಬೇಕು ಅಂತ ನಮಗೆ ತಕ್ಷಣ ಗೊತ್ತಾಗಲ್ಲ. ಭೂಮಿಯ ಕಾಗದ ಯಾರ ಹತ್ತಿರ ಇದೆ ಅನ್ನುವ ಸಣ್ಣ ಪ್ರಶ್ನೆ ಇಡೀ ಸಿನಿಮಾವನ್ನು ಎಳೆಯುತ್ತೆ. ಕೊನೆಯ ಇಪ್ಪತ್ತು ನಿಮಿಷಕ್ಕೆ ಆ ಬಲ ಬಂದಿದ್ದು ಅದರಿಂದ. ಅಧ್ಯಾಯ 1ರಲ್ಲಿ ರಾಜ ಕೆಟ್ಟವನು, ಕಾಡಿನವರು ಒಳ್ಳೆಯವರು ಅಂತ ಮೊದಲೇ ಗೊತ್ತಾಗುತ್ತೆ. ಆಮೇಲೆ ಒಂದಾದ ಮೇಲೊಂದು ದೊಡ್ಡ ದೃಶ್ಯ. ದೃಶ್ಯ ಚೆನ್ನಾಗಿದೆ, ಮಧ್ಯೆ ಉಸಿರಿಲ್ಲ. ಮೊದಲರ್ಧದ ಜೋಕುಗಳಂತೂ ಬೇರೆ ಸಿನಿಮಾದಿಂದ ದಾರಿ ತಪ್ಪಿ ಬಂದ ಹಾಗಿವೆ. ಮತ್ತೆ ಸೌಂಡು. ನಾನು ನೋಡಿದ ಕಡೆ ಚೆಂಡೆ ಶುರುವಾದರೆ ಮಾತು ಕೇಳಿಸುತ್ತಿರಲಿಲ್ಲ, ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಓದಿದೆ.

ರುಕ್ಮಿಣಿ ಬಗ್ಗೆ ಮಾತ್ರ ಎರಡು ಮಾತಿಲ್ಲ. 2023ರಲ್ಲಿ 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎನಲ್ಲಿ ಜೈಲಿನ ಕಂಬಿ ಈಚೆ ನಿಂತ ಪ್ರಿಯಾ, ಇಲ್ಲಿ ರಾಜಕುಮಾರಿ. ಎರಡರಲ್ಲೂ ಕಣ್ಣಲ್ಲೇ ಅರ್ಧ ಕೆಲಸ ಮುಗಿಸಿದ್ದಾರೆ. ಅದರ ಎರಡನೇ ಭಾಗ ಸೈಡ್ ಬಿ ಯಾರಿಗೆ ಇಷ್ಟವಾಯ್ತು ಅಂತ ಇಲ್ಲಿ ಶುರು ಮಾಡಿದರೆ ನಾಳೆ ಬೆಳಗಾಗುತ್ತೆ, ಬೇಡ.

ಅಧ್ಯಾಯ ಒಂದು ನನಗಿಷ್ಟ

ಸೌಂಡು ನಿಮ್ಮ ಥಿಯೇಟರ್ ತಪ್ಪು. ಜೋಕು ಒಪ್ಪಿದೆ. ಉಳಿದಿದ್ದು ಒಪ್ಪಲ್ಲ.

ಬಂದರು ಬದಿ

ನಾನು ಸೈಡ್ ಬಿ. ಶುರು ಮಾಡುವುದಾದರೆ ಹೇಳಿ.

ಎಡದಂಡೆ ಕಾಲುವೆ

ಗೇಟ್ ಕೀಪರ್ ಅಣ್ಣಾವ್ರೇ, ಒಂದು ಪ್ರಶ್ನೆ. ಮುಂದಿನ ವಾರಕ್ಕೆ ಸಿನಿಮಾ ಇಡಬೇಕೋ ತೆಗೀಬೇಕೋ ಅಂತ ಯಾವತ್ತು ತೀರ್ಮಾನ ಮಾಡ್ತೀರಿ? ಭಾನುವಾರ ಜನ ನೋಡಿಯೋ?

ಗೇಟ್ ಕೀಪರ್

ಭಾನುವಾರ ಎಲ್ಲ ಸಿನಿಮಾಕ್ಕೂ ಒಂದಷ್ಟು ಜನ ಬರುತ್ತಾರೆ, ಅದನ್ನು ನಂಬಲ್ಲ. ಸೋಮವಾರ, ಮಂಗಳವಾರದ ಫಸ್ಟ್ ಶೋ, ಅಂದರೆ ಸಂಜೆ ಶೋ ನೋಡುತ್ತೇವೆ. ಕೆಲಸ ಮುಗಿಸಿ ಬಂದು ಟಿಕೆಟ್ ತಗೊಳ್ಳುವವರು ಇದ್ದಾರಾ ಅಂತ. ಸೋಮವಾರ ಸಂಜೆ ಕೆಳಗಿನ ಕ್ಲಾಸ್ ಅರ್ಧ ತುಂಬಿದ್ದರೂ ಸಾಕು, ನಾನೇ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿ ಇನ್ನೊಂದು ವಾರ ಇರಲಿ ಅನ್ನುತ್ತೇನೆ. 'ಸು ಫ್ರಮ್ ಸೋ' ಸೋಮವಾರ ನಮ್ಮಲ್ಲಿ ಕುರ್ಚಿ ಹಾಕಿಸಿದೆ.

ಬಾಲ್ಕನಿ ಗಿರಾಕಿ

ಇದು ಗೊತ್ತಿರಲಿಲ್ಲ. ಹಾಗಾದರೆ ಶನಿವಾರ ಸಾಯುವುದು ಬಿಟ್ಟು ಸೋಮವಾರ ಫಸ್ಟ್ ಶೋಗೇ ಹೋಗೋಣ. ಬೆಂಗಳೂರಲ್ಲಿರುವವರು ಯಾರಾದರೂ ಈ ಸೋಮವಾರ ಬರುತ್ತೀರಾ? ಸಿನಿಮಾ ಯಾವುದು ಅಂತ ಶುಕ್ರವಾರ ರಾತ್ರಿ ಇಲ್ಲೇ ಹಾಕುತ್ತೇನೆ, ಸಿಂಗಲ್ ಸ್ಕ್ರೀನೇ ಹುಡುಕುತ್ತೇನೆ.

ಎರಡು ಮಕ್ಕಳ ತಾಯಿ

ಸೋಮವಾರ ಮಕ್ಕಳಿಗೆ ಟ್ಯೂಷನ್. ಅತ್ತೆ ಬರುತ್ತಾರಂತೆ. ಟಾಯ್ಲೆಟ್ ವಿಷಯ ಮರೆಯಬೇಡಿ.